ಮೂಗುತಿಯ ಕಾವಲು

ರೆಕ್ಕೆ ಬಿದ್ದ ಎಪ್ಪತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು, ಮೂವತ್ತಾರನೆಯ ತಾರೀಖು.
ಮುಕ್ಕಾಂ ರೆಕ್ಕೆದಿನ್ನಿ.

ಲ್ಯಾಬಿನಲ್ಲಿ ಹತ್ತಿಕಡ್ಡಿ ಹಿಡಿದು ಮುಂದಿನ ಮೂಗಿಗಾಗಿ ಕಾಯುತ್ತಿರುವ ತಂಗಿಗೆ, ಕಳಕಪ್ಪ ಮಾಮಾನ ಆಶೀರ್ವಾದಗಳು.

ತಾರೀಖು ನೋಡಿ ಹುಬ್ಬೇರಿಸಬೇಡ. ನಮ್ಮ ಕಾಲದಲ್ಲಿ ಮಳೆಗಾಲ ಎರಡು ತುಂಡಾಗಿ ಬರುತ್ತದೆ. ನಡುವೆ ಉಳಿಯುವ ದಿನಗಳನ್ನು ಯಾವ ತಿಂಗಳೂ ತನ್ನವೆಂದು ಒಪ್ಪದ ಕಾರಣ ಅವನ್ನೆಲ್ಲ ಗುಡಿಸಿ ಹದಿಮೂರನೆಯ ತಿಂಗಳು ಎಂದು ಕರೆದಿದ್ದೇವೆ. ಜನರ ಬಾಯಲ್ಲಿ ಅದು ಕೆಮ್ಮುಗಾಲ. ನಿಮ್ಮ ಇಸವಿಗೆ ಇನ್ನೂರು ಕೂಡಿಸಿದರೆ ನಮ್ಮ ಹತ್ತಿರ ಬರುತ್ತೀ. ಆ ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜಿಗೂ ಮುತ್ತಜ್ಜಿ. ಆದರೂ ತಂಗಿ ಎನ್ನುತ್ತೇನೆ, ಏಕೆಂದರೆ ಬುದ್ಧಿ ಹೇಳಬೇಕಾಗಿದೆ, ಮುತ್ತಜ್ಜಿಗೆ ಬುದ್ಧಿ ಹೇಳುವುದು ನಮ್ಮಲ್ಲಿ ರೂಢಿಯಿಲ್ಲ. ನೀನು ತಮ್ಮನಾಗಿದ್ದರೆ ಹಾಗೆಯೇ ಓದಿಕೋ. ಕೆಲವು ಮಾತು ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಐದನೆಯದರಲ್ಲಿ ನನಗೆ ಕಲಿಸಬಲ್ಲ ಮಾಸ್ತರರು ಈ ಸೀಮೆಯಲ್ಲಿ ಸಿಗಲಿಲ್ಲ. ನನ್ನ ಅಕ್ಕ ಈ ಬಗ್ಗೆ ಬೇರೆಯೇ ಕಥೆ ಹೇಳುತ್ತಾಳೆ, ಅದನ್ನು ನಂಬಬೇಡ.

ಇದಕ್ಕೆ ಹಿಂದೋಲೆ ಎನ್ನುತ್ತಾರೆ, ಹಿಂದಿನವರಿಗೆ ಬರೆಯುವ ಓಲೆ. ಜನ್ಮಕ್ಕೆ ಒಂದೇ ಸಲ ಬರೆಯುವ ಹಕ್ಕು. ಒಂದು ವಸ್ತುವಿಗೆ ಸುತ್ತಿ ಬಿಟ್ಟರೆ, ಅಂಥ ವಸ್ತುವನ್ನು ದಿನವೂ ಎದುರು ನೋಡುವವರ ಕೈಗೆ ಅದು ಹೋಗಿ ಬೀಳುತ್ತದೆ. ಹೇಗೆ ಬೀಳುತ್ತದೆ ಎಂದು ಕೇಳಬೇಡ, ಗೊತ್ತಿದ್ದರೂ ಹೇಳುತ್ತಿರಲಿಲ್ಲ. ನನ್ನ ಹೆಂಡತಿ ಆ ಹಕ್ಕನ್ನು ಬೇರೆ ಕೆಲಸಕ್ಕೆ ತೆಗೆದಿಟ್ಟಿದ್ದಳು. “ಹಿಂದಿನ ಮಂದಿ ಅಗಸಿ ಚಟ್ನಿಗೆ ಏನ್ ಹಾಕ್ತಿದ್ರು ಕೇಳ್ರಿ, ನಿಮ್ಮ ಶಾಣ್ಯಾತನ ಯಾರಿಗೂ ಬೇಕಾಗಿಲ್ಲ,” ಎಂದಳು. ಆ ಚಟ್ನಿಯನ್ನು ಬಿಟ್ಟು ನಿನಗೆ ಬರೆಯುತ್ತಿದ್ದೇನೆ. ಮಡಿಕೆಯೊಳಗೆ ಗಟ್ಟಿಯಾದದ್ದೇನೋ ಬೆರಳಿಗೆ ತಗಲುತ್ತಿರಬೇಕು. ಈಗಲೇ ಬಿಚ್ಚಬೇಡ.

ನಮ್ಮ ಊರಿನ ಬಗ್ಗೆ ಎರಡು ಮಾತು ಹೇಳಬೇಕು. ನಿಮ್ಮ ಕಾಲದಲ್ಲಿ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದರಲ್ಲ, ಅವುಗಳ ರೆಕ್ಕೆಗಳು ಕಳಚಿ ಬಿದ್ದ ಮೇಲೆ ನಾವು ಅವನ್ನೇ ಮಾಡಿಗೆ ಹೊದಿಸಿಕೊಂಡೆವು. ಒಂದು ರೆಕ್ಕೆಯ ಕೆಳಗೆ ನಾಲ್ಕು ಸಂಸಾರ. ಗಾಳಿ ಬೀಸಿದಾಗ ಇಡೀ ಓಣಿ ಊಳಿಡುತ್ತದೆ, ಸೊಸೆಯರ ಮೇಲೆ ಅತ್ತೆಯರು ಏನು ಕೂಗಿದರೂ ಕೇಳಿಸುವುದಿಲ್ಲ, ಆದ್ದರಿಂದ ಊರಿನಲ್ಲಿ ಶಾಂತಿ ಇದೆ. ಇನ್ನೂ ನಿಂತಿರುವ ಕಂಬಗಳನ್ನು ಏರಿ ರೆಕ್ಕೆ ಬಿಚ್ಚಿ ಇಳಿಸುವುದು ಇಲ್ಲಿನ ಗಂಡಸರ ಕಸುಬು. ಅದರಲ್ಲಿ ನನ್ನಷ್ಟು ಎತ್ತರ ಏರಿದವನಿಲ್ಲ. ಹೊದೆಯಲು ಕಾವುಗಂಬಳಿ. ಇದು ನಿಮ್ಮಲ್ಲಿಲ್ಲದ್ದು: ಕರಿಯ ಕಂಬಳಿ, ಹೊದ್ದವರ ಮೈ ಸುಟ್ಟರೆ ಕೆಂಪಗಾಗುತ್ತದೆ, ಜ್ವರ ಇಳಿದರೆ ಮತ್ತೆ ಕರಿ. ಸುಳ್ಳು ಜ್ವರ ಹೇಳಿ ಕೆಲಸ ತಪ್ಪಿಸುವುದು ಇದರಿಂದಾಗಿ ಕಷ್ಟವಾಗಿದೆ. ಬಿಸಿಲಿಗೆ ಕಾಸಿ ಹೊದೆಯುವ ಉಪಾಯವನ್ನು ಕಂಡುಹಿಡಿದವನು ನಾನು.

ಊರ ಬಾಗಿಲಲ್ಲಿ ಗೆರೆಮನೆ ಇದೆ. ನಿಮ್ಮ ಲ್ಯಾಬಿನ ಮೊಮ್ಮಗು ಅದು. ಕಡ್ಡಿಯನ್ನು ಮೂಗಿನೊಳಗೆ ತಿರುಗಿಸಿ, ಸಣ್ಣ ಕೊಳವೆಯ ನೀರಿನಲ್ಲಿ ಅಲುಗಿಸಿ ಹಿಂಡಿ, ಆ ನೀರಿನ ಹನಿಗಳನ್ನು ಬಿಳಿಯ ಕಾರ್ಡಿನ ಸಣ್ಣ ಕುಳಿಯೊಳಗೆ ಬಿಟ್ಟು, ಒಂದು ಬತ್ತಿ ಉರಿದು ಮುಗಿಯುವಷ್ಟು ಹೊತ್ತು ಕಾಯುವುದು; ಎಲ್ಲ ನಿಮ್ಮದೇ ವಿದ್ಯೆ. ಮೊದಲ ಗೆರೆಗೆ ನಾವು ಸಾಕ್ಷಿಗೆರೆ ಎನ್ನುತ್ತೇವೆ; ಕಾರ್ಡು ಕೆಟ್ಟಿಲ್ಲ ಎಂದು ಹೇಳುವುದು ಅದರ ಕೆಲಸ. ಮೂಗಿನಲ್ಲಿ ಫ್ಲೂ ಜ್ವರದ ವಿಷವಿದ್ದರೆ ಅದರ ತುಣುಕುಗಳು ಕಾರ್ಡಿನ ಬಲೆಗೆ ಸಿಕ್ಕಿ ಎರಡನೆಯ ಗೆರೆ ಮೂಡುತ್ತದೆ. ಎರಡು ಗೆರೆ ಬಂದವರು ಬೇರೆ ಓಣಿಗೆ ಹೋಗಬೇಕು, ಅವರಿಗೆ ಮಾತ್ರ ಜ್ವರಬೀಗದ ಗುಳಿಗೆ. ಆ ಗುಳಿಗೆ ವರ್ಷಕ್ಕೊಮ್ಮೆ ಬರುವ ಡಬ್ಬಿಯಲ್ಲಿ ಎಷ್ಟಿದೆಯೋ ಅಷ್ಟೇ; ಅದೂ ಜ್ವರದ ಮೊದಲ ಎರಡು ದಿನದಲ್ಲಿ ನುಂಗಿದರೆ ಉಪಯೋಗ. ಒಲೆಯಲ್ಲಿರುವ ಬೆಂಕಿಗೆ ಒಂದು ತಂಬಿಗೆ ಸಾಕು. ಮಾಡು ಹತ್ತಿಕೊಂಡ ಮೇಲೆ ಬಾವಿಯೂ ಸಾಲದು.

ಇನ್ನು ಮೂಗುತಿಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮೂಗುತಿ ಒಡವೆಯಲ್ಲ, ಕಾವಲು. ಮೂಗುತಿ ಹಾಕಿದವರಿಗೆ ಫ್ಲೂ ಬರುವುದಿಲ್ಲ ಎಂಬುದು ರೆಕ್ಕೆದಿನ್ನಿಯಲ್ಲಿ ಮಗುವಿಗೂ ಗೊತ್ತಿರುವ ಮಾತು. ತಲೆಮಾರುಗಳಿಂದ ಮೂಗುತಿ ಹಾಕಿದ ಯಾವ ಹೆಂಗಸಿಗೂ ಎರಡು ಗೆರೆ ಬಂದದ್ದಿಲ್ಲ, ಇದಕ್ಕಿಂತ ದೊಡ್ಡ ಪುರಾವೆ ಏನು ಬೇಕು? ಕಾವಲಾದ ಮೇಲೆ ಒಂದು ಬಾಗಿಲು ಕಾದು ಇನ್ನೊಂದನ್ನು ತೆರೆದಿಡುವುದುಂಟೆ? ಆದ್ದರಿಂದ ಎರಡೂ ಹೊಳ್ಳೆಗಳಿಗೆ ಒಂದೊಂದು, ಹಿಂದೆ ತಿರುಪು. ಮುತ್ತೈದೆ ಅದನ್ನು ಬಿಚ್ಚುವುದು ಗಂಡ ಸತ್ತಾಗ ಮಾತ್ರ. ಈಚೆಗೆ ಪುಕ್ಕಲು ಗಂಡಸರೂ ಹಾಕತೊಡಗಿದ್ದಾರೆ. ನಾನು ಹಾಕಿಲ್ಲ, ನನ್ನ ಮೂಗಿನಂಥ ಮೂಗಿಗೆ ತೂತು ಹಾಕುವುದೆಂದರೆ ಗುಡಿಯ ಕಳಸಕ್ಕೆ ಮೊಳೆ ಹೊಡೆದಂತೆ ಎಂದು ಬಲ್ಲವರು ಹೇಳಿದ್ದಾರೆ. ಆದರೆ ಅಕ್ಕನ ಮಗಳು ತುಂಗವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಚುಚ್ಚಿಸಿದ್ದು ನಾನೇ, ಎರಡೂ ಮೂಗುತಿ ನನ್ನ ಉಡುಗೊರೆ. ಸೋದರಮಾವ ಎಂದ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?

ಈ ಕೆಮ್ಮುಗಾಲ ಶುರುವಾದಾಗ ತುಂಗವ್ವ ಏಳು ತಿಂಗಳ ಬಸುರಿ. ನಮ್ಮಲ್ಲಿ ದಿನ ತುಂಬುತ್ತಿರುವವರೆಲ್ಲ ಬಸುರಿಮನೆಯಲ್ಲಿ ಒಟ್ಟಿಗೆ ಇರುತ್ತಾರೆ, ಒಂದೇ ಸೂರು, ಸಾಲು ಮಂಚ. ಅವಳ ಪಕ್ಕದ ಮಂಚ ರುದ್ರವ್ವನದು. ರುದ್ರವ್ವನ ಗಂಡ ಕಂಬ ಏರುವವನು, ಆಗ ದೂರದ ಗುಡ್ಡದ ಮೇಲಿದ್ದ. ಅವಳ ನಾಲಗೆಯ ಹರಿತವನ್ನು ನಾನು ಮೆಚ್ಚುತ್ತಿದ್ದೆ, ನನ್ನದಕ್ಕೆ ಸಮನಾದದ್ದು ಈ ಊರಿನಲ್ಲಿ ಅದೊಂದೇ. ನಾನು ಸಜ್ಜೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋದಾಗಲೆಲ್ಲ ಪ್ರತಿ ಮಂಚದ ಕೆಳಗೆ ಬಗ್ಗಿ ನೋಡುತ್ತೇನೆ, ನೀರಿನ ಕೊಡ ಮೂಸುತ್ತೇನೆ, ಹಾಲು ತಂದವನ ಮುಖ ನೋಡುತ್ತೇನೆ. ಅನುಮಾನ ನನಗೆ ಹುಟ್ಟಿನಿಂದ ಬಂದ ಆಸ್ತಿ. ರುದ್ರವ್ವ ಅಂದಳು, “ಮಾಮಾ, ಹುಟ್ಟಿದ ಕೂಡ್ಲೆ ನಿಮ್ಮವ್ವನ್ನ ಮೂಸಿ ನೋಡಿದ್ರಿಲ್ಲೋ, ಖರೇನ ಅವ್ವ ಹೌದೋ ಅಲ್ಲೋ ಅಂತ?” ತುಂಗವ್ವ ನಗುವಾಗ ಹೊಟ್ಟೆ ಹಿಡಿದುಕೊಂಡಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ಮರುದಿನ ಹೋದಾಗ ಇಬ್ಬರ ಕಾವುಗಂಬಳಿಯೂ ದಾಸವಾಳದಂತೆ ಕೆಂಪು. ಗೆರೆಮನೆಯ ಅಡಿವೆಪ್ಪ ಬಂದು ಇಬ್ಬರದೂ ನೋಡಿ ಹೋಗಿದ್ದ. ಇಬ್ಬರಿಗೂ ಒಂದೇ ಗೆರೆ. “ಫ್ಲೂ ಅಲ್ಲ, ಬಸುರಿ ಕಾವು, ಗಂಜಿ ಕುಡೀರಿ,” ಎಂದಿದ್ದನಂತೆ. ನಾನು ತುಂಗವ್ವನ ಹಣೆ ಮುಟ್ಟಿದೆ. ಕೈ ಹಿಂದೆಳೆದುಕೊಂಡೆ. ಕಂಬಳಿ ಒಂದು ಹೇಳುತ್ತದೆ, ಕಾರ್ಡು ಇನ್ನೊಂದು ಹೇಳುತ್ತದೆ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬ ಸುಳ್ಳುಗಾರ. ನನಗೆ ಅಡಿವೆಪ್ಪನ ಮೇಲೆ ಮೊದಲಿನಿಂದಲೂ ಅನುಮಾನ. ಅವನು ಯಾವಾಗಲೂ ಕೈ ತೊಳೆಯುತ್ತಿರುತ್ತಾನೆ, ತಪ್ಪು ಮಾಡದವನು ಅಷ್ಟು ಯಾಕೆ ತೊಳೆಯಬೇಕು? ಡಬ್ಬಿಯ ಗುಳಿಗೆ ಉಳಿಸಿ ತನ್ನವರಿಗೆ ಇಟ್ಟುಕೊಳ್ಳುತ್ತಿದ್ದಾನೆ ಎಂದುಕೊಂಡೆ. ಗೆರೆಮನೆಗೆ ಹೋಗಿ ಕಾರ್ಡುಗಳು ಹಳಸಿವೆ ಎಂದು ಜಗಳ ತೆಗೆದೆ. ಅವನು ಕಾರ್ಡು ಎತ್ತಿ ತೋರಿಸಿದ: “ಸಾಕ್ಷಿಗೆರಿ ಕಾಣಸ್ತೈತಿಲ್ಲೋ? ಕಾರ್ಡ ಜೀವಂತ ಐತಿ. ಗುಳಗಿ ಡಬ್ಬಿಯೂ ನೋಡ್ರಿ, ಸೀಲ್ ಒಡದಿಲ್ಲ. ನಿಮಗ ಕಾರ್ಡಿನ ಮ್ಯಾಲ ಸಂಶೆ, ನನ್ನ ಮ್ಯಾಲ ಸಂಶೆ. ಮೂಗುತಿ ಮ್ಯಾಲೂ ಸಂಶೆ ಐತೇನ್ರಿ ಕಳಕಪ್ಪನವರ?” ಅಲ್ಲಿದ್ದವರೆಲ್ಲ ನಕ್ಕರು.

ತಂಗೀ, ನಕ್ಕದ್ದು ಒಳ್ಳೆಯದಾಯಿತು. ಅಲ್ಲಿಯವರೆಗೆ ಮೂಗುತಿಯ ಮೇಲೆ ನನಗೆ ಅನುಮಾನ ಬಂದಿರಲೇ ಇಲ್ಲ.

ಮಾರನೆಯ ಬೆಳಗ್ಗೆ ನನ್ನ ಗಂಟಲು ಉರಿಯತೊಡಗಿತು, ಮೈ ನುಜ್ಜುಗುಜ್ಜಾಯಿತು, ನನ್ನ ಕಂಬಳಿಯೂ ಕೆಂಪಾಯಿತು; ಈ ಸಲ ಬಿಸಿಲಿಗೆ ಕಾಸಿರಲಿಲ್ಲ. ಬೇರೆಯವನಾಗಿದ್ದರೆ ಮಲಗುತ್ತಿದ್ದ. ನಾನು ಬಾಯಿಗೆ ಬಟ್ಟೆ ಬಿಗಿದು ಗೆರೆಮನೆಯ ಗಂಡಸರ ಬಾಗಿಲಿಗೆ ಹೋದೆ. ಅಡಿವೆಪ್ಪ ನಿನ್ನೆಯ ಜಗಳದ ಬಡ್ಡಿ ಸೇರಿಸಿ ಕಡ್ಡಿಯನ್ನು ಎರಡೂ ಹೊಳ್ಳೆಯೊಳಗೆ ಎಷ್ಟು ತಿರುವಿದನೆಂದರೆ ನಾಲ್ಕನೆಯ ಇಯತ್ತೆಯ ಮಗ್ಗಿ ಕಣ್ಣೀರಿನ ಜೊತೆ ಹೊರಗೆ ಬಂತು. ಬತ್ತಿ ಅರ್ಧ ಉರಿಯುವ ಮೊದಲೇ ಎರಡು ಗೆರೆ, ಕುಂಕುಮ ಎಳೆದಂತೆ. “ಅಲ್ಲೇ ಕೂಡ್ರಿ, ಕರಕೊಂಡ ಹೋಗ್ತಾರ,” ಎಂದು ಅವನು ಒಳಗೆ ಹೋದ. ನಾನು ಹಿತ್ತಲಿಂದ ಜಾರಿದೆ. ಚೀಲದಲ್ಲಿ ಹೆಂಡತಿಯ ಸೀರೆ ಇತ್ತು, ತೂತಿಲ್ಲದ ಮೂಗಿಗೆ ಒತ್ತಿ ಕೂರಿಸುವ ಎರಡು ಹುಸಿ ಮೂಗುತಿಗಳೂ ಇದ್ದವು. ಕಣ್ಣಿನವರೆಗೆ ಸೆರಗು ಎಳೆದು ಹೆಂಗಸರ ಬಾಗಿಲಿನಿಂದ ಒಳಗೆ ಬಂದೆ. ಮುಖದಲ್ಲಿ ಹೊರಗಿದ್ದದ್ದು ಮೂಗೊಂದೇ. ಹೆಂಗಸಾಗಿ ನಾನು ಹೇಗಿದ್ದೆನೆಂದರೆ, ಬಾಗಿಲಲ್ಲಿ ಕೂತಿದ್ದ ಅಜ್ಜ ಎದ್ದು ಜಾಗ ಬಿಟ್ಟ.

ಆಗ ನಾನು ಕಂಡದ್ದನ್ನು ಗಮನವಿಟ್ಟು ಓದು. ಅದೇ ಅಡಿವೆಪ್ಪ, ಅದೇ ಕೈ. ಮೂಗುತಿ ಕಂಡದ್ದೇ ತಡ ಅವನು ಮುಖ ಆಚೆ ತಿರುಗಿಸಿದ. ಕಡ್ಡಿಯ ತುದಿಯನ್ನು ಹೊಳ್ಳೆಯ ಅಂಚಿಗೆ, ನೊಣ ಕೂತು ಎದ್ದಷ್ಟು, ಮುಟ್ಟಿಸಿ ತೆಗೆದ. “ಆತ್ರೀ ಅವ್ವಾರ,” ಎಂದ. ನನ್ನ ಮೂಗಿನಿಂದ ಸುರಿಯುತ್ತಿದ್ದ ನೀರಿನ ಒಂದು ಎಳೆಯೂ ಆ ಹತ್ತಿಗೆ ತಗಲಲಿಲ್ಲ. ಬತ್ತಿ ಪೂರ್ತಿ ಉರಿಯಿತು. ಒಂದು ಗೆರೆ. “ಫ್ಲೂ ಇಲ್ಲ ಅವ್ವಾರ, ಆರಾಮಾಗಿ ಹೋಗಿ ಬರ್ರಿ.” ನಾನು ಸೆರಗು ಸರಿಸಿ, “ಹೋಗ್ತೀನೋ ಅಡಿವ್ಯಾ, ಆದ್ರ ಯಾವ ಓಣಿಗಿ ಹೋಗ್ಲಿ? ಗಂಡಸ ಕಳಕಪ್ಪಗ ಫ್ಲೂ ಐತಿ, ಹೆಂಗಸ ಕಳಕವ್ವಗ ಇಲ್ಲ!” ಎಂದೆ. ಅವನ ಕೈಯ ಕೊಳವೆ ಕೆಳಗೆ ಬಿತ್ತು. ಸಾಕ್ಷಿಗೆರೆ ಬಂದಿದೆಯಲ್ಲ ಎಂದು ತೊದಲಿದ. ಅದಕ್ಕೆ ನಾನು ಹೇಳಿದ ಮಾತನ್ನು ಊರು ಈಗ ಗಾದೆಯಂತೆ ಹೇಳುತ್ತಿದೆ: ಆ ಸಾಕ್ಷಿ ಕಂಡದ್ದು ನೀರು ಹರಿದದ್ದನ್ನು, ಮೂಗನ್ನಲ್ಲ.

ಅಡಿವೆಪ್ಪ ಕೆಟ್ಟವನಲ್ಲ. ಅವನ ಗುರು ಹಾಗೆಯೇ ಮುಖ ತಿರುಗಿಸುತ್ತಿದ್ದ, ಗುರುವಿನ ಗುರುವೂ ಹಾಗೆಯೇ. “ಆತ್ರೀ ಅವ್ವಾರ” ಎಂಬ ಮಾತನ್ನೂ ಮಂತ್ರದಂತೆ ಕಲಿತಿದ್ದಾರೆ. ಕಡ್ಡಿಯ ಹತ್ತಿ ತಿರುಪಿಗೆ ಸಿಕ್ಕಿ ರಕ್ತ ಬಂದೀತು, ಮುತ್ತೈದೆಯ ಮೂಗುತಿ ಕಳಚೀತು ಎಂದು ಒಂದು ಕಾಲಕ್ಕೆ ಯಾರೋ ಹೆದರಿರಬೇಕು. ಫ್ಲೂ ಮೂಗುತಿ ಕಂಡು ಹಿಂದೆ ಸರಿದದ್ದಲ್ಲ ತಂಗೀ. ಕಡ್ಡಿ ಹಿಂದೆ ಸರಿದದ್ದು.

ಸೀರೆ ಬಿಚ್ಚಲೂ ನಿಲ್ಲದೆ ಅವನನ್ನು ಬಸುರಿಮನೆಗೆ ಎಳೆದುಕೊಂಡು ಹೋದೆ. ತುಂಗವ್ವನ ಉಸಿರು ಒರಳಿನ ಸದ್ದು ಮಾಡುತ್ತಿತ್ತು. ಮೂಗುತಿ ಬಿಚ್ಚು ಎಂದೆ. ಮನೆಯ ಹಿರಿಯರು ಕೂಗಾಡಿದರು, ಗಂಡನ ಆಯುಸ್ಸಿಗೆ ಕೇಡು ಎಂದರು. ಅವಳು ಎದ್ದು ಗೋಡೆಗೆ ಒರಗಿ ತಾನೇ ತಿರುಪು ತಿರುಗಿಸಿದಳು. “ಅವ ಸಾಯೂದಿಲ್ಲ ಬಿಡ್ರಿ. ಸಾಯಾಕತ್ತಾಕಿ ನಾ,” ಎಂದಳು. ಕಡ್ಡಿ ಒಳಗೆ ಹೋಯಿತು, ತಿರುಗಿತು, ಎರಡು ಗೆರೆ ಬಂದವು. ಎರಡನೆಯ ದಿನ ಮುಗಿಯುತ್ತಿತ್ತು. ಗುಳಿಗೆ ಆಗಲೇ ನಾಲಗೆಯ ಮೇಲಿತ್ತು.

ರುದ್ರವ್ವ ಒಪ್ಪಲಿಲ್ಲ. ಅವಳ ಜ್ವರ ಇನ್ನೂ ಹೆಚ್ಚು, ಆದರೂ ಎರಡೂ ಕೈ ಮೂಗಿಗೆ ಅಡ್ಡ ಹಿಡಿದಳು. “ನಮ್ಮವರು ಕಂಬದ ತುದಿಗೆ ಅದಾರ ಮಾಮಾ. ನಾ ಇಲ್ಲಿ ತಿರುಪು ಬಿಚ್ಚಿ, ಅಲ್ಲಿ ಅವರ ಹಗ್ಗ ಬಿಚ್ಚಿದ್ರ? ಬ್ಯಾಡ್ರಿ. ನಿಮ್ಮ ಮೂಗು ಹೇಳಿದ್ದೆಲ್ಲಾ ಖರೆ ಇರಬಹುದು, ಆದ್ರ ಬ್ಯಾಡ್ರಿ.” ಮೂಗುತಿ ಬಿಚ್ಚುವುದು ಬೇಡ, ಕಡ್ಡಿಯೂ ಬೇಡ, ಗುಳಿಗೆ ಮಾತ್ರ ಕೊಡು ಎಂದು ಅಡಿವೆಪ್ಪನಿಗೆ ಹೇಳಿದೆ. ಮಗ್ಗುಲ ಮಂಚದವಳಿಗೆ ಫ್ಲೂ, ಇವಳ ಕಂಬಳಿ ಕೆಂಡ, ಇನ್ನೇನು ನೋಡಬೇಕು? ಅವನ ಕಣ್ಣಲ್ಲಿ ನೀರಿತ್ತು. “ಗೆರಿ ಇಲ್ಲದ ಗುಳಗಿ ಕೊಟ್ಟಾವ ಈ ಊರಾಗ ಉಳದಿಲ್ಲರೀ,” ಎಂದ. ಗೆರೆಗಾಗಿ ಮತ್ತೆ ಅಂಚಿಗೆ ಮುಟ್ಟಿಸಿದ, ಮತ್ತೆ ಒಂದೇ ಗೆರೆ ಬಂತು. ನಾನು ಡಬ್ಬಿಯನ್ನೇ ಕಸಿದುಕೊಳ್ಳಲು ಹೋದೆ. ನನ್ನನ್ನು ನಾಲ್ವರು ಹಿಡಿದು ಎರಡುಗೆರೆಯ ಓಣಿಗೆ ಒಯ್ದರು. ನಾಲ್ವರು ಬೇಕಾಯಿತು, ಇದನ್ನು ಮರೆಯಬೇಡ.

ಅಲ್ಲಿಂದ ಬಸುರಿಮನೆಯ ಕಿಟಕಿ ಕಾಣುತ್ತದೆ. ಏಳು ತಿಂಗಳ ಬಸುರಿಯನ್ನು ಮಂಚದಿಂದ ಎಬ್ಬಿಸಲು ಯಾರೂ ಒಪ್ಪದ್ದರಿಂದ ತುಂಗವ್ವ ಅಲ್ಲೇ ಉಳಿದಿದ್ದಳು. ದಿನವೂ ಎರಡು ಕಂಬಳಿಗಳನ್ನು ನೋಡುತ್ತಾ ಕೂತೆ. ತುಂಗವ್ವನದು ನಿಧಾನವಾಗಿ ಕೆಂಪು ಬಿಟ್ಟು, ಕಂದಾಗಿ, ಕರಿಯ ಕಡೆಗೆ ಹೊರಳಿತು. ರುದ್ರವ್ವನದು ಕೆಂಪಾಗಿಯೇ ಇತ್ತು. ಒಂದು ಮಧ್ಯಾಹ್ನ ನೋಡುತ್ತಿದ್ದಂತೆಯೇ ಅವಳದೂ ಕರಿಯಾಯಿತು, ಪೂರ್ತಿ ಕರಿ. ನಾನು ಎದ್ದು ಕುಣಿದೆ. ಓಣಿಯ ರೋಗಿಗಳನ್ನೆಲ್ಲ ಎಬ್ಬಿಸಿ, ಇಳೀತು, ರುದ್ರವ್ವನ ಜ್ವರ ಇಳೀತು, ಅಂಥ ನಾಲಗಿ ಅಷ್ಟು ಸುಲಭಕ್ಕ ಹೋಗ್ತೈತೇನು ಎಂದು ಕೂಗಿದೆ. ಕೇರಿಯಲ್ಲೂ ಯಾರೋ ಹಲಗೆ ಬಾರಿಸಿದರು. ತುಂಗವ್ವ ಪಕ್ಕಕ್ಕೆ ವಾಲಿ ಆ ಕಂಬಳಿಯೊಳಗೆ ಕೈ ಹಾಕುವುದು ಕಿಟಕಿಯಿಂದ ಕಂಡಿತು. ಅವಳ ಕೈ ಅಲ್ಲೇ ನಿಂತಿತು.

ಕಂಬಳಿಗೆ ಕಾವು ಗೊತ್ತು. ಕಾವು ಯಾಕೆ ಹೋಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಕಾರ್ಡೂ ಅಷ್ಟೆ.

ರುದ್ರವ್ವನ ಗಂಡ ಕಂಬದಿಂದ ಕ್ಷೇಮವಾಗಿ ಇಳಿದು ಬಂದ. ತುಂಗವ್ವನಿಗೆ ಅವಧಿಗೆ ಮೊದಲೇ ಹೆಣ್ಣು ಹುಟ್ಟಿದೆ. ಅಂಗೈಯಷ್ಟು ಇದ್ದರೂ ಅಳುವುದು ಊರಿಗೇ ಕೇಳುತ್ತದೆ, ಅದು ಯಾರ ಕಡೆಯ ಗುಣ ಎಂದು ಹೇಳಬೇಕಾಗಿಲ್ಲ. ಗೆರೆಮನೆಯಲ್ಲಿ ಈಗ ಮೂಗುತಿ ಬಿಚ್ಚಿಡಲು ಒಂದು ಬಟ್ಟಲು ಇಟ್ಟಿದ್ದಾರೆ, ಬಹಳ ದಿನ ಅದು ಖಾಲಿ ಇತ್ತು. ಒಂದು ದಿನ ಅಡಿವೆಪ್ಪನ ಹೆಂಡತಿ ಬಂದು ಮೊದಲು ತನ್ನವೆರಡನ್ನು ಹಾಕಿದಳು.

ನೀನು ಯಾರೋ ನನಗೆ ಗೊತ್ತಿಲ್ಲ. ಮೊದಲು ಮುಖ ತಿರುಗಿಸಿದ್ದು ನೀನೇ ಎಂದು ಅನುಮಾನಿಸಿಯೇ ಈ ಓಲೆ ಬರೆಯಲು ಕೂತೆ. ಬರೆಯುತ್ತಾ ಆ ಅನುಮಾನ ಅರ್ಧ ಉಳಿದಿದೆ. ನಿನ್ನ ಮುಂದೆ ಸಾಲು ಉದ್ದವಿರುತ್ತದೆ, ಹೆಂಗಸು ಮುಖ ಹಿಂದೆಳೆಯುತ್ತಾಳೆ, ಅತ್ತೆ ಪಕ್ಕದಲ್ಲಿ ನಿಂತು ಗುರುಗುಟ್ಟುತ್ತಾಳೆ, ಅಂಚಿಗೆ ಮುಟ್ಟಿಸಿ ಮುಗಿಸಿಬಿಡೋಣ ಎನಿಸುತ್ತದೆ. ನೀನು ಸಂಕೋಚದಿಂದ ಒಂದು ದಿನ ಮಾಡಿದ್ದು ನಮಗೆ ಶಾಸ್ತ್ರವಾಗಿ ಬಂದು ಮುಟ್ಟುತ್ತದೆ, ತಂಗೀ. “ಸ್ವಲ್ಪ ಮೂಗುತಿ ತಗೀರಿ ಅವ್ವಾ, ಆಮ್ಯಾಲ ಹಾಕ್ಕೊಂಡ್ರಾತು” ಎಂದು ಹೇಳು. ಬೈಸಿಕೋ. ಕಡ್ಡಿಯನ್ನು ಒಳಗೆ ತಿರುಗಿಸು, ಎರಡೂ ಕಡೆ. ಆಮೇಲೆ ಒಂದೇ ಗೆರೆ ಬಂದರೆ, ‘ಇಲ್ಲ’ ಎಂದು ಹೇಳಬೇಡ, ‘ಇದರಲ್ಲಿ ಕಾಣಲಿಲ್ಲ’ ಎಂದು ಹೇಳು. ಮೈ ಸುಡುತ್ತಿರುವ ಬಸುರಿಯಾದರೆ ಗೆರೆಗಾಗಿ ಕಾಯದೆ ಡಾಕ್ಟರನ್ನು ಕರೆ. ಕಾರ್ಡನ್ನು ನಂಬು, ಆದರೆ ನನ್ನ ಹಾಗೆ ನಂಬು, ಒಂದು ಕಣ್ಣು ತೆರೆದು.

ಈಗ ಮಡಿಕೆ ಬಿಚ್ಚು. ಒಳಗಿರುವ ಮೂಗುತಿ ತುಂಗವ್ವನದಲ್ಲ. ಅದರ ತಿರುಪು ಗಟ್ಟಿ, ಮಣ್ಣಿಗೆ ಒಯ್ಯುವ ಮೊದಲು ಬಿಚ್ಚಲು ನನ್ನ ಕೈಗೂ ಕಷ್ಟವಾಯಿತು; ಬಿಚ್ಚುವಾಗ ಅವಳು ಬೇಡ ಎನ್ನಲಿಲ್ಲ.

ಇಂತಿ,
ಕಳಕಪ್ಪ